ಮಾಸ್ಟರ್ ಕಡೆಯ ಪೆಡಲ್

ಆಸ್ಪತ್ರೆಯ ನೋಟೀಸ್ ಬೋರ್ಡಿಗೆ ಸುತ್ತೋಲೆ ಅಂಟಿಸಿದ್ದು ಹದಿನೆಂಟನೇ ತಾರೀಕು, ಮಂಗಳವಾರ. ಅದರಲ್ಲಿ ಮೂರೇ ವಾಕ್ಯಗಳಿದ್ದವು. ಮುಂದಿನ ತಿಂಗಳ ಒಂದರಿಂದ ಎಕ್ಸ್‌ರೇ ವಿಭಾಗ ಗುಡ್ಡದ ಮೇಲಿನ ಹೊಸ ಕಟ್ಟಡಕ್ಕೆ ಹೋಗುತ್ತದೆ. ಬೆಳಗಿನ ಪಾಳಿ ಆರೂವರೆಗೆ ಶುರುವಾಗುತ್ತದೆ. ಆ ಹೊತ್ತಿಗೆ ಬರಲಾಗದ ಸಿಬ್ಬಂದಿಯನ್ನು ಹಳೆಯ ಕಟ್ಟಡದ ದಾಖಲೆ ಕೋಣೆಗೆ ಹಾಕಲಾಗುವುದು.

ಆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಬೆಳಗಿನ ಪಾಳಿ ಮಾಡುತ್ತಿದ್ದ ಹೆಂಗಸನ್ನು ಆಸ್ಪತ್ರೆಯವರೆಲ್ಲ ಎಕ್ಸ್‌ರೇ ಅಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತೊಂಬತ್ತು. ಅಳುವ ಮಗುವಿನ ಮುರಿದ ಕೈಯ ಚಿತ್ರವನ್ನು ಒಂದೇ ಸಲಕ್ಕೆ ಸರಿಯಾಗಿ ತೆಗೆಯುವುದರಲ್ಲಿ ಅವಳದು ದೊಡ್ಡ ಹೆಸರು. ದಾಖಲೆ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿನ ಕೆಲಸವೆಂದರೆ ಬೇರೆಯವರು ತೆಗೆದ ಚಿತ್ರಗಳನ್ನು ಲಕೋಟೆಗೆ ತುಂಬಿ ಮೇಲೆ ನಂಬರು ಬರೆಯುವುದು.

ಗುಡ್ಡಕ್ಕೆ ಮೊದಲ ಬಸ್ಸು ಏಳು ಮುಕ್ಕಾಲಿಗೆ. ಅಷ್ಟು ಬೆಳಿಗ್ಗೆ ಬಾಡಿಗೆ ಗಾಡಿಯವರು ಮೇಲೆ ಬರಲು ಒಪ್ಪುತ್ತಿರಲಿಲ್ಲ. ಇಳಿಯುವಾಗ ಖಾಲಿ ಬರಬೇಕು ಎಂಬುದು ಅವರ ತಕರಾರು. ನಡೆದು ಹತ್ತಲು ಅವಳ ಎಡಮಂಡಿ ಬಿಡುತ್ತಿರಲಿಲ್ಲ. ಗಂಡ ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದುವವನು. ಸೈಕಲ್ಲೂ ಕಲಿಯದ ಮನುಷ್ಯ.

"ಲೈಸೆನ್ಸ್ ಇದೆಯಲ್ಲ ನಿಂಗೆ," ಅಂದ ಗಂಡ.

"ಇದೆ. ಬೀರುವಿನಲ್ಲಿದೆ."

ಹನ್ನೊಂದು ವರ್ಷದಿಂದ ಅದು ಬೀರುವಿನಲ್ಲೇ ಇತ್ತು. ಅವಳಿಗೆ ಕಾರು ಕಲಿಸಿದ್ದು ಸ್ವಂತ ಅಣ್ಣ. ಊರಿನ ಹಳೆಯ ಡ್ರೈವಿಂಗ್ ಸ್ಕೂಲು ಅವನದು. ಎಲ್ಲರಿಗೂ ಅವನು ಮಾಸ್ಟರ್. ಸ್ಕೂಲಿನ ಬೋರ್ಡಿನ ಮೇಲೆ 'ಮೊದಲ ಸಲವೇ ಪಾಸು' ಎಂದು ಹಳದಿ ಅಕ್ಷರದಲ್ಲಿ ಬರೆಸಿದ್ದ. ತಂಗಿಯೂ ಮೊದಲ ಸಲವೇ ಪಾಸಾದಳು. ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸುವ ಪರೀಕ್ಷೆಯಲ್ಲಿ ಕಾರು ಒಂದು ಬೆರಳಷ್ಟೂ ಹಿಂದೆ ಜಾರಿರಲಿಲ್ಲ. ಲೈಸೆನ್ಸ್ ಕೈಗೆ ಬಂದ ಒಂಬತ್ತನೇ ದಿನ ಅಣ್ಣನ ಹಳೆಯ ಕಾರನ್ನು ಒಬ್ಬಳೇ ತೆಗೆದುಕೊಂಡು ಹೋದವಳು ಮೇಲ್ಸೇತುವೆಯ ಏರಿನಲ್ಲಿ ಸಿಗ್ನಲ್ಲಿಗೆ ನಿಂತಳು. ಹಸಿರು ಬಿತ್ತು. ಕಾರು ನಾಲ್ಕು ಅಡಿ ಹಿಂದಕ್ಕೆ ಹೋಗಿ ಬೇಕರಿ ವ್ಯಾನಿನ ದೀಪ ಒಡೆಯಿತು. ವ್ಯಾನಿನವನು ಇಳಿದು ಬಂದು, "ಅಮ್ಮಾ, ಈ ಲೈಸೆನ್ಸ್ ಯಾವ ಅಂಗಡೀಲಿ ಸಿಕ್ತು?" ಎಂದು ಕೇಳಿದ. ಸುತ್ತ ನಿಂತವರು ನಕ್ಕರು. ಆಮೇಲೆ ಅವಳು ಸ್ಟೀರಿಂಗ್ ಮುಟ್ಟಲಿಲ್ಲ.

ಈಗ ಮುಟ್ಟಬೇಕಾಯಿತು. ನಿವೃತ್ತರಾಗಿದ್ದ ಔಷಧಿ ವಿಭಾಗದವರೊಬ್ಬರು ತಮ್ಮ ಚಿಕ್ಕ ಕಾರನ್ನು ಮಾರುವವರಿದ್ದರು. ಕ್ಲಚ್ ಪೆಡಲ್ ಇಲ್ಲದ ಗಾಡಿ. ಗೇರು ತಾನೇ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ.

"ಏರಲ್ಲಿ?" ಎಂದು ಅವಳು ಕೇಳಿದಳು.

"ಆಟೋಮ್ಯಾಟಿಕ್ ಅಲ್ವೇನಮ್ಮಾ, ತಾನೇ ನಿಂತ್ಕೊಳ್ಳುತ್ತೆ," ಎಂದರು ಅವರು. ಅವರ ಮನೆ, ಅಂಗಡಿ, ವಾಕಿಂಗ್ ಹೋಗುವ ಪಾರ್ಕು ಎಲ್ಲವೂ ಸಮತಟ್ಟಾದ ಜಾಗದಲ್ಲಿದ್ದವು.

ಅವಳು ಕಾರು ಕೊಂಡಳು. ಶನಿವಾರ ಸಂಜೆ ನಾಲ್ಕಕ್ಕೆ ಮಾಸ್ಟರ್ ಬಂದ. ನೀರಿನ ಟ್ಯಾಂಕಿನ ಹಿಂದಿನ ರಸ್ತೆಗೆ ಕರೆದುಕೊಂಡು ಹೋದ. ಎಂಟು ಅಡಿ ಹೋದರೆ ಒಂದು ಅಡಿ ಏರುವ ರಸ್ತೆ. ಆಸ್ಪತ್ರೆ ಗುಡ್ಡದ ಕೊನೆಯ ತಿರುವೂ ಹೆಚ್ಚುಕಡಿಮೆ ಅಷ್ಟೇ ಕಡಿದು. ಆ ತಿರುವಿನ ಮೇಲೆಯೇ ಆಸ್ಪತ್ರೆಯ ಗೇಟು. ಪ್ರತಿ ಗಾಡಿಯನ್ನೂ ನಿಲ್ಲಿಸಿ ಗುರುತಿನ ಚೀಟಿ ನೋಡಿ ಅಡ್ಡಗಂಬ ಎತ್ತುತ್ತಾರೆ. ಸಮತಟ್ಟು ಜಾಗ ಅದರಿಂದ ಮೂವತ್ತು ಅಡಿ ಆಚೆ ಇತ್ತು. ಗೇಟು ಎಲ್ಲಿರಬೇಕೆಂದು ತೀರ್ಮಾನಿಸಿದವರು ಬಹುಶಃ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು.

"ಬ್ರೇಕ್ ಬಿಡು," ಎಂದ ಮಾಸ್ಟರ್.

ಬಿಟ್ಟಳು. ಕಾರು ಹಿಂದಕ್ಕೆ ಜಾರಿತು. ಅವಳು ಬಲವಾಗಿ ಬ್ರೇಕ್ ತುಳಿದಳು. ಇಬ್ಬರ ಬೆನ್ನೂ ಸೀಟಿಗೆ ಬಡಿಯಿತು.

"ತಾನೇ ನಿಂತ್ಕೊಳ್ಳುತ್ತೆ ಅಂದ್ರು ಅವರು."

"ಅವರಿಗೇನು ಗೊತ್ತು ಮಣ್ಣು. ಗಾಡಿ ಅಂದ್ಮೇಲೆ ಎಲ್ಲಾ ಒಂದೇ ಪುಟ್ಟಿ. ಆಕ್ಸಿಲೇಟರಲ್ಲಿ ಹಿಡಿ. ಹಾಫ್ ಕ್ಲಚ್ಚಲ್ಲಿ ನಿಲ್ಲಿಸ್ತಿದ್ವಲ್ಲ, ಹಂಗೇ. ಸ್ವಲ್ಪ ಒತ್ತು, ಹಿಂದೂ ಹೋಗಬಾರದು ಮುಂದೂ ಹೋಗಬಾರದು. ಹಾಂ... ಅಲ್ಲೇ ಇರು."

"ಹ್ಯಾಂಡ್‌ಬ್ರೇಕ್ ಹಾಕ್ಲಾ?"

"ಹ್ಯಾಂಡ್‌ಬ್ರೇಕ್ ಇರೋದು ಗಾಡಿ ನಿಲ್ಸಿ ಮನೆಗೆ ಹೋಗೋಕೆ. ಅದನ್ನ ಹಿಡ್ಕೊಂಡು ಏರು ಹತ್ತೋರು ನನ್ನ ಸ್ಕೂಲಲ್ಲಿ ಯಾರೂ ಇಲ್ಲ."

ಕಾರು ನಿಂತಿತು. ಬ್ರೇಕಿಲ್ಲದೆ, ಏರಿನ ನಡುವೆ, ಸಣ್ಣಗೆ ನಡುಗುತ್ತ ನಿಂತಿತು. ಮಾಸ್ಟರ್ ಮುಖ ಅರಳಿತು. ಅವನ ಎಡಗಾಲು ಕೆಳಗಿನ ಮ್ಯಾಟನ್ನು ಒತ್ತುತ್ತಿದ್ದುದನ್ನು ತಂಗಿ ನೋಡಿದಳು. ಅಲ್ಲಿ ಪೆಡಲ್ ಇರಲಿಲ್ಲ. ಮೂವತ್ತು ವರ್ಷದ ಅಭ್ಯಾಸ ಎಂದುಕೊಂಡು ಸುಮ್ಮನಾದಳು.

ಭಾನುವಾರ, ಸೋಮವಾರ, ಮಂಗಳವಾರ ಹೀಗೇ ನಡೆಯಿತು. ದಿನಕ್ಕೆ ಇಪ್ಪತ್ತು ಸಲ. ಹಿಡಿ, ನಿಲ್ಲಿಸು, ಹೊರಡು. ಒಂದೊಂದು ಸಲ ಮಾಸ್ಟರ್ ಅವಳನ್ನು ಒಂದು ನಿಮಿಷ ಹಾಗೇ ಹಿಡಿಸಿಟ್ಟ, ಗೇಟಿನವನು ನಿಧಾನಸ್ಥನಾಗಿದ್ದರೆ ಎಂದು. ಬುಧವಾರ ಹನ್ನೊಂದನೇ ಸಲಕ್ಕೆ ಒಂಥರಾ ಸುಟ್ಟ ವಾಸನೆ ಬಂತು. ಗೇರಿನ ಗುರುತು ತೋರಿಸುವ ಕಡೆ ಕೆಂಪು ದೀಪ ಮಿನುಗಿ ಕಾರು ಕೀಂ ಕೀಂ ಎಂದಿತು. ಆಮೇಲೆ ಎಷ್ಟು ಒತ್ತಿದರೂ ಎಂಜಿನ್ ಕೂಗುತ್ತಿತ್ತೇ ಹೊರತು ಚಕ್ರ ತಿರುಗಲಿಲ್ಲ.

ತಂಗಿ ಬ್ರೇಕ್ ತುಳಿದುಕೊಂಡು ಕೂತೇ ಇದ್ದಳು. "ನಾನೇನು ಮಾಡಿದೆ ಅಣ್ಣಾ?"

"ನೀನು ಜಾಸ್ತಿ ಒತ್ತಿದೆ," ಎಂದ ಮಾಸ್ಟರ್.

ಗ್ಯಾರೇಜಿನವನಿಗೆ ಮೂಗಣ್ಣ ಎಂಬ ಹೆಸರಿತ್ತು. ಬಾನೆಟ್ ತೆಗೆಯುವ ಮೊದಲು ಗಾಡಿಯನ್ನು ಮೂಸಿ ನೋಡಿ ಅರ್ಧ ರೋಗ ಹೇಳುತ್ತಿದ್ದುದರಿಂದ ಬಂದ ಹೆಸರು. ಎಳೆದು ತಂದ ಕಾರಿನ ಹತ್ತಿರ ಅವನು ಬಗ್ಗಬೇಕಾಗಿಯೂ ಇರಲಿಲ್ಲ.

"ಕ್ಲಚ್ ಹುರಿದುಬಿಟ್ಟಿದ್ದೀರಲ್ಲ."

"ಕ್ಲಚ್ಚೇ ಇಲ್ವಲ್ಲಪ್ಪ ಇದಕ್ಕೆ," ಎಂದಳು ತಂಗಿ.

"ಪೆಡಲ್ ಇಲ್ಲ ಅಕ್ಕಾ. ಕ್ಲಚ್ ಇದೆ. ಒಳಗಡೆ ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ಒತ್ತೋದು ಬಿಡೋದು ಮಾತ್ರ ನಿಮ್ಮ ಕಾಲಲ್ಲ, ಒಂದು ಸಣ್ಣ ಯಂತ್ರ. ದೊಡ್ಡ ಆಟೋಮ್ಯಾಟಿಕ್ ಗಾಡಿ ಇರುತ್ತಲ್ಲ, ಅದರೊಳಗೆ ಎಣ್ಣೆ ತಿರುಗ್ತಾ ಗಾಡೀನ ಸದಾ ಮುಂದಕ್ಕೆ ನೂಕ್ತಾ ಇರುತ್ತೆ. ಸಣ್ಣ ಏರಲ್ಲಿ ಬ್ರೇಕ್ ಬಿಟ್ರೂ ನಿಲ್ಲುತ್ತೆ. ಇದು ಆ ಜಾತಿ ಅಲ್ಲ. ನೀವು ಆಕ್ಸಿಲೇಟರ್ ಒತ್ತಿದ ಮೇಲೇ ಇದು ಕ್ಲಚ್ ಹಿಡಿಯೋದು. ಅರ್ಧಂಬರ್ಧ ಒತ್ತಿ ನಿಲ್ಲಿಸಿದ್ರೆ ಅದೂ ಅರ್ಧಂಬರ್ಧ ಹಿಡ್ಕೊಂಡು ಉಜ್ತಾ ಕೂರುತ್ತೆ. ಸುಟ್ಟು ಹೋಗದೆ ಇನ್ನೇನಾಗುತ್ತೆ? ಯಾರು ಕಲಿಸಿದ್ದು ಹಿಂಗೆ?"

ಮಾಸ್ಟರ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅದು ಹೋದ ವರ್ಷದ್ದು.

"ಹಾಗಾದ್ರೆ ಹೆಂಗೆ ಹೊರಡೋದು?" ಎಂದಳು ತಂಗಿ.

"ಹ್ಯಾಂಡ್‌ಬ್ರೇಕ್ ಎಳ್ಕೊಳ್ಳಿ. ಬ್ರೇಕ್ ಬಿಡಿ. ಆಕ್ಸಿಲೇಟರ್ ಒತ್ತಿ. ಮೂತಿ ಒಂಚೂರು ಮೇಲೇಳುತ್ತೆ, ಹಗ್ಗ ಕಟ್ಟಿದ ನಾಯಿ ಎಳೆಯುತ್ತಲ್ಲ ಹಂಗೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಿ. ಅಷ್ಟೇ. ಹೊಸ ಗಾಡಿಗಳಲ್ಲಿ ಎರಡು ಸೆಕೆಂಡ್ ತಾನೇ ಬ್ರೇಕ್ ಹಿಡ್ಕೊಂಡಿರುತ್ತೆ. ಇದರಲ್ಲಿ ಅದಿಲ್ಲ. ಕ್ಲಚ್ ಪೂರ್ತಿ ಹೋಗಿಲ್ಲ ಅನ್ಸುತ್ತೆ, ತಣ್ಣಗಾಗ್ಲಿ. ನಾಳೆ ಮಧ್ಯಾಹ್ನ ತಗೊಂಡು ಹೋಗಿ."

ಪಕ್ಕದಲ್ಲಿ ಮಾಸ್ಟರ್ ಸ್ಕೂಲಿನ ಕಾರೂ ನಿಂತಿತ್ತು. ಎರಡೂ ಬಾಗಿಲು ತೆರೆದಿದ್ದವು. ಕಲಿಸುವ ಕಾರು, ಕಲಿಯುವವರ ಕಾಲಬುಡದಲ್ಲಿ ಮೂರು ಪೆಡಲ್, ಪಕ್ಕದ ಸೀಟಿನಲ್ಲಿ ಕೂರುವ ಮಾಸ್ಟರ್ ಕಾಲಬುಡದಲ್ಲಿ ಕ್ಲಚ್ಚು ಮತ್ತು ಬ್ರೇಕು, ಒಂದು ಕಡೆ ತುಳಿದರೆ ಇನ್ನೊಂದು ಕಡೆಯದೂ ಇಳಿಯುವ ಹಾಗೆ. ಮೂಗಣ್ಣನ ಕೈಯಲ್ಲಿ ಒಂದು ಹೊಸ ಪೆಡಲ್ ರಬ್ಬರ್ ಇತ್ತು.

"ಇದು ಖಾಯಂ ಗಿರಾಕಿ," ಎಂದ, ಮಾತು ಬದಲಿಸಲೆಂದು. "ವರ್ಷಕ್ಕೊಂದು ರಬ್ಬರ್ ಬೇಕೇಬೇಕು."

"ಕಲಿಯೋರು ತುಳಿದೂ ತುಳಿದೂ ಸವೆಯುತ್ತಾ?"

"ಅಯ್ಯೋ, ಕಲಿಯೋರದ್ದು ಗಾಡಿ ಬಂದಾಗ ಹೆಂಗಿತ್ತೋ ಹಂಗೇ ಇದೆ ಅಕ್ಕಾ. ಸವೆಯೋದು ಮಾಸ್ಟರ್ ಕಡೇದು."

ಹೇಳಿದ ಮೇಲೆ ಮೂಗಣ್ಣ ನಾಲಿಗೆ ಕಚ್ಚಿಕೊಂಡ. ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದ.

ತಂಗಿ ಬಗ್ಗಿ ನೋಡಿದಳು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡುವುದು ಅವಳ ದಿನನಿತ್ಯದ ಕೆಲಸ. ಒಂದು ಕಡೆ ಕ್ಲಚ್ಚಿನ ರಬ್ಬರಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಇನ್ನೊಂದು ಕಡೆ ರಬ್ಬರ್ ಸವೆದು ಮಧ್ಯದಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಹೆಬ್ಬೆರಳಿನ ಭಾರ ಬೀಳುವ ಜಾಗ.

"ನನ್ನ ಟೆಸ್ಟಿಗೂ?" ಎಂದಳು.

ಮಾಸ್ಟರ್ ಅರ್ಥವಾಗದವನಂತೆ ನಟಿಸಬಹುದಿತ್ತು. ನಟಿಸಲಿಲ್ಲ.

"ಎಲ್ರೂ ಮಾಡ್ತಾರೆ ಪುಟ್ಟಿ. ಎಲ್ಲಾ ಸ್ಕೂಲಲ್ಲೂ. ಇನ್ಸ್‌ಪೆಕ್ಟರ್ ಹೊರಗೆ ನಿಂತಿರ್ತಾರೆ, ನಾನು ಪಕ್ಕದಲ್ಲಿ ಕೂತಿರ್ತೀನಿ. ಏರಲ್ಲಿ ಹೆದರಿಕೊಂಡು ಎಲ್ರೂ ಕ್ಲಚ್ ಫಟ್ಟಂತ ಬಿಡ್ತಾರೆ. ಸರಿಯಾದ ಜಾಗದಲ್ಲಿ ನಾನು ಒಂಚೂರು ತಡೆದು ಹಿಡೀತೀನಿ, ಅಷ್ಟೇ."

"ಟೆಸ್ಟ್ ದಿನ ಮಾತ್ರಾನಾ, ಕಲಿಸುವಾಗಲೂನಾ?"

"ಹಿಂದೆ ಜಾರಿದ್ರೆ ನೀನು ಅಳ್ತಿದ್ದೆ. ಒಂದು ಸಲ ಜಾರಿದ್ದಕ್ಕೆ ಎರಡು ದಿನ ಬರಲೇ ಇಲ್ಲ, ನೆನಪಿದೆಯಾ? ಆಮೇಲೆ ಜಾರೋಕೆ ಬಿಡಲಿಲ್ಲ."

ತಂಗಿ ಸವೆದ ಪೆಡಲಿನ ಮೇಲೆ ಕೈ ಇಟ್ಟಳು. ಧ್ವನಿ ಏರಿಸಲಿಲ್ಲ.

"ನಾನು ಬಿಟ್ಟಷ್ಟೂ ಪೆಡಲ್ ಮೇಲಕ್ಕೆ ಬರ್ತಿರಲಿಲ್ಲ. ಒಂದು ಜಾಗಕ್ಕೆ ಬಂದು ನಿಂತುಬಿಡ್ತಿತ್ತು. ನನ್ನ ಕಾಲಿಗೆ ಬುದ್ಧಿ ಬಂತು ಅಂದ್ಕೊಂಡಿದ್ದೆ."

"ಪುಟ್ಟಿ..."

"ಹನ್ನೊಂದು ವರ್ಷ ಅಣ್ಣಾ. ಅಣ್ಣ ಇಷ್ಟು ಚೆನ್ನಾಗಿ ಕಲಿಸಿದ್ದಾನೆ, ನಾನೇ ದಡ್ಡಿ ಅಂದ್ಕೊಂಡು ಹನ್ನೊಂದು ವರ್ಷ ಬಸ್ಸಲ್ಲಿ ಓಡಾಡಿದೆ. ಆ ಬೇಕರಿಯವನು ಸರಿಯಾಗೇ ಕೇಳಿದ್ದ."

ಅವರು ಗ್ಯಾರೇಜಿನಿಂದ ಬಸ್ ನಿಲ್ದಾಣದವರೆಗೆ ಒಟ್ಟಿಗೆ ನಡೆದರು. ಬಸ್ಸು ಹತ್ತುವ ಮುಂಚೆ ತಂಗಿ ಹೇಳಿದಳು: "ನಾಳೆ ನಾಲ್ಕಕ್ಕೆ ಬಾ. ಆದರೆ ಗಾಡಿಯೊಳಗೆ ಕೂರೋ ಹಾಗಿಲ್ಲ."

ಗುರುವಾರವೂ ಸೇರಿ ಉಳಿದಿದ್ದು ನಾಲ್ಕು ದಿನ. ಒಂದನೇ ತಾರೀಕು ಸೋಮವಾರ.

ಮಾಸ್ಟರ್ ಬರುವಷ್ಟರಲ್ಲಿ ಪಕ್ಕದ ಸೀಟಿನಲ್ಲಿ ಅವಳ ಗಂಡ ಕೂತಿದ್ದ. ಮಡಿಲಲ್ಲಿ ಅಂದಿನ ಪತ್ರಿಕೆ, ಕೈಯಲ್ಲಿ ಕೆಂಪು ಪೆನ್ನು.

"ಇವರ್ಯಾಕೆ?" ಎಂದ ಮಾಸ್ಟರ್.

"ಏನೂ ಗೊತ್ತಿಲ್ಲದವರು ಪಕ್ಕದಲ್ಲಿ ಕೂರಬೇಕು," ಎಂದಳು ತಂಗಿ. "ಇವರಿಗೆ ಯಾವ ಪೆಡಲ್ ಯಾವುದು ಅಂತಾನೂ ಗೊತ್ತಿಲ್ಲ."

"ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ ಹೊಗಳಿದ್ದಾಳೆ ಭಾವಾ," ಎಂದು ಗಂಡ ಪತ್ರಿಕೆ ಬಿಡಿಸಿದ.

ಮೊದಲ ಸಲ ಅವಳು ಹ್ಯಾಂಡ್‌ಬ್ರೇಕನ್ನು ಬೇಗ ಇಳಿಸಿದಳು. ಕಾರು ಒಂದು ಮಾರು ಹಿಂದೆ ಜಾರಿತು. ಎರಡನೇ ಸಲ ಇಳಿಸುವುದನ್ನೇ ಮರೆತಳು. ಕಾರು ಮುಂಗಾಲೂರಿ ನಿಂತ ದನದ ಹಾಗೆ ಹಟ ಹಿಡಿಯಿತು. ಮೂರನೇ ಸಲ ಮತ್ತೆ ಜಾರಿತು. ರಸ್ತೆಯಂಚಿನಲ್ಲಿ ನಿಂತಿದ್ದ ಮಾಸ್ಟರ್ ಪ್ರತಿ ಸಲವೂ ಎಡಗಾಲನ್ನು ನೆಲಕ್ಕೆ ಒತ್ತುತ್ತಿದ್ದ. ಆರನೇ ಸಲಕ್ಕೆ ತಡೆಯಲಾರದೆ ಕಿಟಕಿಯ ಹತ್ತಿರ ಬಂದ.

"ನಾನೊಂದು ಹತ್ತು ನಿಮಿಷ ಕೂರ್ತೀನಿ. ಕಾಲು ಮಡಿಸ್ಕೊಂಡು ಕೂರ್ತೀನಿ ಬೇಕಾದ್ರೆ."

"ಇದರಲ್ಲಿ ನಿನ್ನ ಕಡೆ ಪೆಡಲ್ ಇಲ್ಲ. ಕೂತು ಏನು ಮಾಡ್ತೀಯ?"

"ಧೈರ್ಯಕ್ಕೆ."

"ಯಾರ ಧೈರ್ಯಕ್ಕೆ?"

ಮಾಸ್ಟರ್ ರಸ್ತೆಯಂಚಿಗೆ ಹಿಂದಿರುಗಿದ.

ಅವಳು ಗಮನಿಸಿದ ಸಂಗತಿ ಇದು: ಎಂಜಿನ್ನಿನ ಸದ್ದು ಏರುವುದಕ್ಕೂ ಕ್ಲಚ್ ಹಿಡಿಯುವುದಕ್ಕೂ ನಡುವೆ ಒಂದು ಚಿಕ್ಕ ಅಂತರ ಇತ್ತು. ಯಂತ್ರ ನಿರ್ಧಾರ ಮಾಡಲು ತೆಗೆದುಕೊಳ್ಳುವ ಸಮಯ. ಸದ್ದು ಕೇಳಿದ ಕೂಡಲೇ ಹ್ಯಾಂಡ್‌ಬ್ರೇಕ್ ಇಳಿಸಿದರೆ ಕಾರು ಜಾರುತ್ತಿತ್ತು. ಬೆನ್ನಿಗೆ ಸೀಟು ಒತ್ತಿದಂತಾಗುವವರೆಗೆ ಕಾದರೆ ಜಾರುತ್ತಿರಲಿಲ್ಲ. ಅವಳು ಕಿವಿಯನ್ನು ಬಿಟ್ಟು ಬೆನ್ನನ್ನು ನಂಬಿದಳು.

ಗುರುವಾರ ನಲವತ್ತು ಸಲ ಹೊರಟಳು. ಹದಿನೇಳು ಸಲ ಜಾರಿತು. ಶುಕ್ರವಾರ ಒಂಬತ್ತು. ಲೆಕ್ಕ ಇಟ್ಟವನು ಗಂಡ, ಪತ್ರಿಕೆಯ ಅಂಚಿನಲ್ಲಿ ಕೆಂಪು ಗೀಟು ಹಾಕಿ. ಶನಿವಾರ ನಾಲ್ಕು. ಭಾನುವಾರ ಕೊನೆಯ ಹದಿನೈದು ಸಲದಲ್ಲಿ ಒಂದು.

"ಹೋಯ್ತಾ?" ಎಂದು ಗಂಡ ಪುಟ ತಿರುಗಿಸುತ್ತ ಕೇಳಿದ.

"ಎಲ್ಲಿಗೆ?"

"ಹಿಂದಕ್ಕೆ."

"ಇಲ್ಲ. ಹತ್ತಿ ಆಯ್ತು. ಮೇಲಿದ್ದೀವಿ."

ಗಂಡ ತಲೆಯೆತ್ತಿ ನೋಡಿದ. ನೀರಿನ ಟ್ಯಾಂಕು ಕೆಳಗಿತ್ತು.

ಸೋಮವಾರ ಬೆಳಿಗ್ಗೆ ಅವಳು ಮನೆ ಬಿಟ್ಟಾಗ ಗಂಟೆ ಐದು ಐವತ್ತು. ಗುಡ್ಡದ ರಸ್ತೆ ಒಂದೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಐದು ತಿರುವು. ನಾಲ್ಕನೇ ತಿರುವಿನಲ್ಲಿ ಹಿಂದೆ ಒಂದು ಲಾರಿ ಸೇರಿಕೊಂಡಿತು. ಆಮ್ಲಜನಕದ ಸಿಲಿಂಡರ್ ತುಂಬಿದ ಲಾರಿ. ಸಿಲಿಂಡರುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಗೇಟಿನಲ್ಲಿ ಅಡ್ಡಗಂಬ ಇಳಿದಿತ್ತು. ನಿಂತಳು. ಹ್ಯಾಂಡ್‌ಬ್ರೇಕ್ ಎಳೆದಳು. ಕಾವಲಿನವನು ಚೀಟಿ ತೆಗೆದುಕೊಂಡು ಅವಳ ಮುಖ ನೋಡಿದ, ಚೀಟಿಯ ಫೋಟೋ ನೋಡಿದ, ಮತ್ತೆ ಮುಖ ನೋಡಿದ.

"ಫೋಟೋ ಹಳೇದು," ಎಂದಳು.

"ಗೊತ್ತಾಗುತ್ತೆ ಮೇಡಂ."

ಕನ್ನಡಿಯಲ್ಲಿ ಲಾರಿಯ ಮುಂಭಾಗ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಂತರ ನಾಲ್ಕು ಅಡಿಯೋ ಐದೋ. ಅಡ್ಡಗಂಬ ಎದ್ದಿತು. ಅವಳು ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಕೂಗಿತು. ಅದೇ ಹೊತ್ತಿಗೆ ಲಾರಿಯವನು ಹಾರ್ನ್ ಹೊಡೆದ. ಅವಳ ಕೈ ಹ್ಯಾಂಡ್‌ಬ್ರೇಕನ್ನು ಇಳಿಸಿಬಿಟ್ಟಿತು.

ಕಾರು ಹಿಂದಕ್ಕೆ ಹೊರಟಿತು.

ಅವಳು ಹ್ಯಾಂಡ್‌ಬ್ರೇಕನ್ನು ಮತ್ತೆ ಎಳೆದಳು. ಕಾರು ನಿಂತಿತು. ಕಾವಲಿನವನು ಏನೋ ಹೇಳಲು ಬಾಯಿ ತೆರೆದ. ಇವಳು ಕಿಟಕಿಯಿಂದ ಅಂಗೈ ತೋರಿಸಿ, ಅಳುವ ಮಕ್ಕಳಿಗೆ ಹೇಳುವ ಧ್ವನಿಯಲ್ಲೇ, "ಒಂದು ನಿಮಿಷ ಯಾರೂ ಅಲ್ಲಾಡಬೇಡಿ," ಎಂದಳು. ಕಾವಲಿನವನು ಅಲ್ಲಾಡಲಿಲ್ಲ. ಲಾರಿಯವನು ಹಾರ್ನಿನ ಮೇಲಿಂದ ಕೈ ತೆಗೆದ.

ಮತ್ತೆ ಒತ್ತಿದಳು. ಸದ್ದು ಏರಿತು. ಕಾದಳು. ಬಾನೆಟ್ ಒಂದಿಷ್ಟು ಮೇಲೆದ್ದಿತು, ಬೆನ್ನಿಗೆ ಸೀಟು ತಾಗಿತು. ಇಳಿಸಿದಳು.

ಹಾಜರಿ ಯಂತ್ರದಲ್ಲಿ ಅವಳ ಹೆಸರಿನ ಮುಂದೆ ಆರು ಇಪ್ಪತ್ತಮೂರು ಎಂದು ದಾಖಲಾಯಿತು. ಮೊದಲ ರೋಗಿ ಮೆಟ್ಟಿಲಿನಿಂದ ಬಿದ್ದ ಒಬ್ಬ ಬಡಗಿ, ಬಲ ಮುಂಗೈ. ಒಂದೇ ಸಲಕ್ಕೆ ಸರಿಯಾಗಿ ಬಂತು.

ಪಾಳಿ ಮುಗಿದ ಮೇಲೆ, ಎರಡೂವರೆಗೆ, ಅಣ್ಣನಿಗೆ ಫೋನ್ ಮಾಡಿದಳು. ಅವನು ಟೆಸ್ಟ್ ನಡೆಯುವ ಮೈದಾನದಲ್ಲಿದ್ದ.

"ಹಿಂದೆ ಹೋಯ್ತಾ?" ಎಂದ, ಹಲೋ ಅನ್ನುವ ಮುಂಚೆಯೇ.

"ಹೋಯ್ತು."

"ಎಷ್ಟು?"

"ಒಂದು ಗೇಣು. ಹಿಂದೆ ಲಾರಿ ಇತ್ತು."

ಮಾಸ್ಟರ್ ಉಸಿರು ಎಳೆದುಕೊಂಡದ್ದು ಕೇಳಿಸಿತು. "ನಾನಿದ್ದಿದ್ರೆ..."

"ನೀನಿದ್ದಿದ್ರೆ ಆ ಗೇಣೂ ಹೋಗ್ತಿರಲಿಲ್ಲ. ಆಮೇಲೆ ಏನು ಮಾಡಬೇಕು ಅಂತ ನಂಗೆ ಗೊತ್ತೂ ಆಗ್ತಿರಲಿಲ್ಲ."

ಅತ್ತ ಕಡೆ ಯಾವುದೋ ಗಾಡಿ ಹಾದುಹೋಯಿತು.

"ಇವತ್ತು ನಮ್ಮ ಸ್ಕೂಲಿನ ಹುಡುಗಿಯೊಬ್ಬಳು ಫೇಲಾದ್ಲು," ಎಂದ ಮಾಸ್ಟರ್. "ಏರಲ್ಲಿ. ಮೂರು ಅಡಿ ಜಾರಿತು. ನಾನು ಎರಡೂ ಕಾಲು ಸೀಟಿನ ಕೆಳಗೆ ಸಿಕ್ಕಿಸ್ಕೊಂಡಿದ್ದೆ."

"ಅತ್ತಳಾ?"

"ಅಳ್ತಾ ಇದ್ದಾಳೆ. ಬೋರ್ಡಲ್ಲಿ ಬರೆದಿದ್ದೀರಲ್ಲ ಅಂತ ಅವಳ ಅಪ್ಪ ಜಗಳಕ್ಕೆ ನಿಂತಿದ್ದಾನೆ."

"ಅವಳಿಗೆ ಫೋನ್ ಕೊಡು," ಎಂದಳು ತಂಗಿ.